ಗೇರೆಣ್ಣೆ ಹಚ್ಚಿದ ಬಾಸ್ ಗಿಟಾರಿನ ಜಪಾನ್ ಪ್ರಯಾಣ

ಬನ್ನಂಜೆಯಿಂದ ಹೊರಡುವ ಮೊದಲು

ನಾನು ಹುಟ್ಟಿದ ಇನ್ನಂಜೆಯಲ್ಲಿ ಗದ್ದೆಯ ಆಚೆ ಬದಿಯಲ್ಲಿ ಮದುವೆಯ ಗೌಜಿ ಇದ್ದರೆ ಈಚೆ ಬದಿಯ ಮನೆಗಳಿಗೆ ಹಾಡು ಕೇಳುವುದಿಲ್ಲ, ಬಾಸ್ ಮಾತ್ರ ಕೇಳುತ್ತದೆ. ಹಾಡುವವರ ಸ್ವರ, ಕೀಬೋರ್ಡು, ಟ್ರಂಪೆಟ್ ಎಲ್ಲ ಗದ್ದೆಯ ನಡುವೆಯೇ ಎಲ್ಲೋ ಬಿದ್ದುಹೋಗುತ್ತವೆ. ದುಂ ದುಂ ಎನ್ನುವುದೊಂದು ಮಾತ್ರ ಗೋಡೆ ದಾಟಿ ಮಂಚದ ಕಾಲಿನವರೆಗೆ ಬರುತ್ತದೆ. ನನ್ನ ಅಮ್ಮನಿಗೆ ಅದೊಂದು ದೊಡ್ಡ ತಕರಾರು. ಅದನ್ನು ಬಾರಿಸುವವಳು ತನ್ನ ಮಗಳೇ ಎಂಬುದು ಅದಕ್ಕಿಂತಲೂ ದೊಡ್ಡ ತಕರಾರು.

ಹೌದು, ನಾನು ಬಾಸ್ ಗಿಟಾರ್ ಬಾರಿಸುತ್ತೇನೆ. ವಾರವಿಡೀ ಬನ್ನಂಜೆಯ ನನ್ನ ಟೈಲರ್ ಅಂಗಡಿಯಲ್ಲಿ ರವಿಕೆ, ಮದುವೆಯ ಗೌನು ಹೊಲಿಯುತ್ತೇನೆ. ಆದಿತ್ಯವಾರ ಇಗರ್ಜಿಯ ಕೊಯರ್, ಮದುವೆಯ ಸೀಸನ್ನಿನಲ್ಲಿ ನಮ್ಮ ಬ್ಯಾಂಡು. ಈ ಬಾಸ್, ಹಡಗಿನ ಕೆಲಸದಲ್ಲಿದ್ದ ಚಿಕ್ಕಪ್ಪನದ್ದು. ಯೊಕೊಹಾಮಾದ ಬಂದರಿನ ಹತ್ತಿರ ಯಾರೋ ಬಳಸಿ ಮಾರಿದ್ದನ್ನು ಕಲಿಯುವ ಆಸೆಯಿಂದ ತಂದರು, ಒಂದು ದಿನವೂ ಕಲಿಯಲಿಲ್ಲ, ನನ್ನ ಮದುವೆಗೆ ಉಡುಗೊರೆ ಕೊಟ್ಟು ಕೈ ತೊಳೆದುಕೊಂಡರು. ಫ್ಯಾಕ್ಟರಿಯ ಮಾಲಲ್ಲ, ಒಬ್ಬ ಮನುಷ್ಯ ಕೂತು ಕೈಯಲ್ಲಿ ಮಾಡಿದ್ದು. ಅದರ ಮೈಯ ಮರದಲ್ಲಿ ಹೊಳೆಯ ನೀರಿಗೆ ಗಾಳಿ ಬೀಸಿದಂಥ ಗೆರೆಗಳುಂಟು. ಅದರ ಅಂಚು ನನ್ನ ಪಕ್ಕೆಲುಬಿಗೆ ತಾಗುವಲ್ಲಿ ಎಷ್ಟು ನಯವಾಗಿ ಇಳಿದಿದೆ ಎಂದರೆ, ಹೊಲಿಗೆಯವಳಾದ ನನಗೆ ಅದನ್ನು ಮುಟ್ಟಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ.

ಹಾಗೆಂದು ಅದನ್ನು ಇದ್ದ ಹಾಗೆ ಇಟ್ಟೆನೇ? ಇಲ್ಲ. ಇಗರ್ಜಿಯ ಟ್ಯೂಬ್‌ಲೈಟು ಹಾಕಿದ ಕೂಡಲೇ ಅದು ಗುಂಯ್ ಎನ್ನುತ್ತಿತ್ತು, ಆದ್ದರಿಂದ ತಂತಿಯ ಸದ್ದು ಹಿಡಿಯುವ ಪಿಕಪ್ ಬದಲಾಯಿಸಿದೆ. ಒಂದು ತಿರುಪು ಗುಂಡಿ ಕಳೆದುಹೋಯಿತು, ಹಲಸಿನ ಮರದ್ದು ಹಾಕಿಸಿದೆ. ಕೊನೆಗೆ ದೊಡ್ಡ ಕೆಲಸಕ್ಕೇ ಕೈ ಹಾಕಿದೆ. ಬಾಸಿನ ಕುತ್ತಿಗೆ, ಅಂದರೆ ಎಡಗೈ ಓಡಾಡುವ ಆ ಉದ್ದದ ಮರ, ಯಾರದೋ ದೊಡ್ಡ ಕೈಗೆಂದು ಮಾಡಿದ್ದು. ನನ್ನದು ಮಕ್ಕಳ ಕೈಯಷ್ಟೇ. ಮಣಿಕಟ್ಟು ನೋವಾಗಿ ಕತ್ತರಿಯೂ ಹಿಡಿಯಲಾಗದ ಸ್ಥಿತಿ ಬಂತು. ಬಾರಿಸುವುದು ಬಿಡಿ ಎಂದು ಮಣಿಪಾಲದ ಡಾಕ್ಟರರು ಹೇಳಿದರು. ಕೈಗೆ ಅಂಗಿ ಬಿಗಿಯಾದರೆ ಕೈ ಕಡಿಯುತ್ತಾರೆಯೇ, ತೋಳು ಬಿಚ್ಚಿ ಹೊಲಿಯುತ್ತಾರೆಯೇ? ನಾನು ಸೀದಾ ಕಾರ್ಕಳದ ವಾಸು ಆಚಾರ್ರ ಹತ್ತಿರ ಹೋದೆ.

ವಾಸು ಆಚಾರ್ರು ಬಾಗಿಲ ದಾರಂದ, ದೈವಸ್ಥಾನದ ಉಯ್ಯಾಲೆ ಕೆತ್ತುವವರು. ತಮ್ಮ ಕೆಲಸದ ಬಗ್ಗೆ ಅವರಿಗೆ ಇರುವ ಅಹಂಕಾರ ಅಷ್ಟಿಷ್ಟಲ್ಲ. ನನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಕುತ್ತಿಗೆಯ ಬೆನ್ನನ್ನು ಕೀಸುಳಿಯಿಂದ ಕೀಸಿ ಕೀಸಿ ತೆಳ್ಳಗೆ ಮಾಡಿದರು. ಬರಿಮರ ಕಡಲ ಗಾಳಿಗೆ ಹಾಳಾಗಬಾರದೆಂದು ಕಡೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಬಿಟ್ಟರು. ಕಾಪುವಿನ ಕಡೆ ಮೀನಿನ ದೋಣಿಗೆ ಹಚ್ಚುತ್ತಾರಲ್ಲ, ಅದೇ ಗೇರೆಣ್ಣೆ. ಬಾಸ್ ಗಿಟಾರಿಗೆ ಗೇರೆಣ್ಣೆ ಹಚ್ಚುವ ಬುದ್ಧಿ ಲೋಕದಲ್ಲಿ ನಮ್ಮವರಿಗಲ್ಲದೆ ಇನ್ಯಾರಿಗೂ ಬಂದಿರಲಾರದು. ಒಣಗುವ ಮೊದಲೇ ಆಸೆಯಿಂದ ಮುಟ್ಟಿ ಅಂಗೈ ತುಂಬ ಬೊಕ್ಕೆ ಬರಿಸಿಕೊಂಡೆ. ಆದರೆ ಬೊಕ್ಕೆ ಮಾಸಿದ ಮೇಲೆ ಬಾರಿಸಿದೆ ನೋಡಿ, ಮಣಿಕಟ್ಟಿನ ನೋವು ಹೋಗೇಬಿಟ್ಟಿತ್ತು. ಅಂದು ನಾನು ಆಚಾರ್ರ ಅಂಗಡಿಯಲ್ಲೇ ಅತ್ತಿದ್ದೆ.

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕುತ್ತಿಗೆ ತಿರುಚಿಕೊಂಡಿತು. ಒಂದು ತಂತಿ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ ಬಡಿದು ಕಿರುಗುಟ್ಟುತ್ತದೆ, ಇನ್ನೊಂದು ಎಷ್ಟೋ ಮೇಲೆ ನಿಂತಿದೆ. ಮಂಗಳೂರಿನಲ್ಲಿ ತೋರಿಸಿದೆ, ಬೆಂಗಳೂರಿನಲ್ಲಿ ತೋರಿಸಿದೆ. ಗೋಡೆಗೆ ನೇತುಹಾಕಿ, ಚಂದ ಕಾಣುತ್ತದೆ ಎಂದರು. ನನ್ನ ಕೈಗೆ ಒಗ್ಗುವ ಕುತ್ತಿಗೆ ಇದೊಂದೇ. ಇದು ಹೋದರೆ ನನ್ನ ಬಾಸೂ ಹೋಯಿತು. ಕುತ್ತಿಗೆ ಮೈಗೆ ಕೂರುವ ಗುಳಿಯೊಳಗೆ ಮಾಡಿದವರ ಮುದ್ರೆ ಇತ್ತು. ಅದರ ಫೋಟೋ ಹಿಡಿದು ಹುಡುಕಿ, ಜಪಾನಿನ ಆ ಮನುಷ್ಯರನ್ನು ಪತ್ತೆ ಮಾಡಿ, ಗೇರೆಣ್ಣೆಯ ಸಮೇತ ಎಲ್ಲವನ್ನೂ ಬರೆದು ಕೇಳಿದೆ. ಅಪ್ಪ ಹೊಸ ಬಾಸ್ ಮಾಡುವುದು ಬಿಟ್ಟಿದ್ದಾರೆ, ತಂದರೆ ನೋಡುತ್ತಾರಂತೆ ಎಂದು ಅವರ ಮಗಳಿಂದ ಉತ್ತರ ಬಂತು.

ಹೇಳಿ ಹೋಗಬೇಕಲ್ಲ ಎಂದು ಆಚಾರ್ರಿಗೆ ಹೇಳಿದರೆ ಅವರ ಮುಖ ದಪ್ಪಗಾಯಿತು.

"ನಾನು ಮಾಡಿದ್ದು ಹಾಳು ಅಂತ ಹೇಳಿಸ್ಲಿಕ್ಕೆ ಜಪಾನಿಗೆ ಹೋಗ್ಬೇಕಾ ಬಾಯಮ್ಮ? ಹೋಗಿ. ಆದ್ರೆ ಅವ್ರು ಎಂತ ಹೇಳಿದ್ರು ಅಂತ ಒಂದು ಮಾತೂ ಬಿಡದೆ ನನಗೆ ಬಂದು ಹೇಳ್ಬೇಕು, ಆಯ್ತಾ?"

ಆಯ್ತು ಎಂದು ಮಾತು ಕೊಟ್ಟು ವಿಮಾನ ಹತ್ತಿದೆ.

ತೆರೆಯದ ಬಾಗಿಲು

ಮಾತ್ಸುಮೊಟೊ ಎಂಬ ಪಟ್ಟಣದಿಂದ ಲೋಕಲ್ ರೈಲಿನಲ್ಲಿ ಹೋಗಬೇಕು. ಬೋಗಿಯಲ್ಲಿ ಜನ ಇದ್ದರು, ಸದ್ದು ಇರಲಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲೂ ಇಷ್ಟು ಮೌನ ಇರುವುದಿಲ್ಲ. ಎದುರಿನ ಅಜ್ಜನ ಕೋಟಿನ ಮೊಣಕೈಗೆ ಹಾಕಿದ ತೇಪೆ ನೋಡುತ್ತ ಕೂತೆ. ಎಂಥ ಹೊಲಿಗೆ! ತೇಪೆಯ ನೂಲು ಬಟ್ಟೆಯ ನೂಲಿನ ಜೊತೆಯಲ್ಲೇ ಓಡಿತ್ತು. ಹೊಲಿದವರ ಕೈ ಮುಟ್ಟಿ ನಮಸ್ಕರಿಸಬೇಕು ಅನ್ನಿಸಿತು.

ಅಷ್ಟರಲ್ಲಿ ನನ್ನ ಫೋನು ಗಂಟಲು ಹರಿಯುವಂತೆ ಕೂಗಿಕೊಂಡಿತು. ನೋಡಿದರೆ ಕಾರ್ಕಳದ ಆಚಾರ್ರು. ಬೋಗಿಯಲ್ಲಿ ಯಾರೂ ನನ್ನನ್ನು ದುರುಗುಟ್ಟಿ ನೋಡಲಿಲ್ಲ, ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ಅದು ಇನ್ನೂ ಹಿಂಸೆ. ಬಾಸಿನ ಪೆಟ್ಟಿಗೆ ಹೊತ್ತು ಬೋಗಿಯ ಹಿಂದಿನ ಬಾಗಿಲಿಗೆ ಓಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇನ್ನೂ ತಲುಪಲೇ ಇಲ್ಲ ಆಚಾರ್ರೆ ಎಂದೆ. ಅವರು ಎಂತ ಹೇಳಿದರು ಎಂದೇ ಕೇಳುತ್ತಿದ್ದರು ಆಚಾರ್ರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಸ್ಟೇಷನ್ ಬಂತು, ನನ್ನ ಎದುರಿನ ಬಾಗಿಲು ತೆರೆಯಲಿಲ್ಲ. ರೈಲು ನನ್ನನ್ನು ಹೊತ್ತುಕೊಂಡೇ ಹೊರಟಿತು. ಚಿಕ್ಕ ಸ್ಟೇಷನ್ನುಗಳಲ್ಲಿ ಡ್ರೈವರನ ಹತ್ತಿರದ ಮುಂದಿನ ಬಾಗಿಲು ಮಾತ್ರ ತೆರೆಯುತ್ತದಂತೆ. ಆ ಊರಿನ ಮಗುವಿಗೂ ಗೊತ್ತಿರುವ ವಿಷಯ. ನಮ್ಮ ಉಡುಪಿ–ಕಾರ್ಕಳ ಬಸ್ಸಾದರೆ ಕಂಡಕ್ಟರ್ ಸೀಟಿ ಊದಿ, ನಾಲ್ಕು ಮಾತು ಬೈದು, ನನ್ನನ್ನೂ ಪೆಟ್ಟಿಗೆಯನ್ನೂ ಇಳಿಸಿಯೇ ಬಿಡುತ್ತಿದ್ದ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ತಿರುಗಿ ಹೋಗುವ ರೈಲಿಗೆ ಕಾಯುತ್ತ ಕೂತೆ. ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬಾಕೆ ಕಿತ್ತಳೆ ಬಣ್ಣದ ಹಣ್ಣುಗಳ ಸಿಪ್ಪೆ ಸುಲಿದು ಹಗ್ಗಕ್ಕೆ ಕಟ್ಟಿ ಒಣಗಿಸುತ್ತಿದ್ದಳು. ಆಕೆ ನನ್ನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಒಳಗೆ ಹೋಗಿ ಒಣಗಿದ ಹಣ್ಣೊಂದನ್ನು ಕಾಗದದಲ್ಲಿ ಸುತ್ತಿ ತಂದು ಕೊಟ್ಟಳು. ಖರ್ಜೂರಕ್ಕಿಂತ ಮೆತ್ತಗೆ, ಬೆಲ್ಲಕ್ಕಿಂತ ಸಣ್ಣ ಸಿಹಿ. ಆಕೆಗೆ ಕೊಡಲು ನನ್ನ ಚೀಲದಲ್ಲಿ ಹಲಸಿನ ಹಪ್ಪಳ ಇತ್ತು. ಕಾಯಿಸಿ ತಿನ್ನಬೇಕೆಂದು ಕೈಸನ್ನೆಯಲ್ಲಿ ತೋರಿಸಿದೆ. ಅರ್ಥವಾಯಿತೋ, ಬೀಸಣಿಗೆ ಎಂದುಕೊಂಡಳೋ ಆ ದೇವರಿಗೇ ಗೊತ್ತು.

ಪೆಟ್ಟಿಗೆ ನಾಳೆ

ಬಾಸ್ ಮಾಡಿದವರ ಹೆಸರು ಕುರೋಕಿ. ಎಪ್ಪತ್ತು ದಾಟಿದ, ಸಣಕಲು ಮೈಯ ಮನುಷ್ಯರು. ಮಗಳು ಮಿಯೋ ಇಂಗ್ಲಿಷ್ ಬಲ್ಲವಳು, ನಮ್ಮಿಬ್ಬರ ಮಾತು ಅವಳ ಬಾಯಿಯಿಂದಲೇ ದಾಟಬೇಕಿತ್ತು. ಮನೆಯ ಹಿಂದೆ ಕಾರ್ಯಾಗಾರ. ಗೋಡೆ ತುಂಬ ಉಳಿ, ಕೀಸುಳಿ. ಅಲ್ಲಿಯ ಕೀಸುಳಿಯನ್ನು ಮುಂದಕ್ಕೆ ತಳ್ಳುವುದಿಲ್ಲ, ಎದೆಯ ಕಡೆಗೆ ಎಳೆಯುತ್ತಾರೆ. ಒಂದು ತುಂಡು ಮರವನ್ನು ಅವರು ಎಳೆದು ತೋರಿಸಿದಾಗ ಸಿಪ್ಪೆ ಎಷ್ಟು ತೆಳ್ಳಗೆ ಬಂತೆಂದರೆ, ಅದನ್ನು ಕಣ್ಣಿಗೆ ಹಿಡಿದು ಕಿಟಕಿ ನೋಡಬಹುದಿತ್ತು. ಆ ಸಿಪ್ಪೆಯನ್ನು ಕೇಳಿ ಇಸಿದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನಾನು ಪೆಟ್ಟಿಗೆಯ ಕೊಂಡಿಗೆ ಕೈ ಹಾಕಿದೆ. ಕುರೋಕಿಯವರು ಕೈ ಅಡ್ಡ ಹಿಡಿದರು. ಮರ ಸಮುದ್ರದ ಊರಿನಿಂದ ಬಂದಿದೆ, ಇಲ್ಲಿಯ ಗಾಳಿ ಬೇರೆ, ಪೆಟ್ಟಿಗೆಯೊಳಗೇ ಒಂದು ರಾತ್ರಿ ಕೂತು ಅಭ್ಯಾಸವಾಗಲಿ, ನಾಳೆ ತೆರೆಯೋಣ ಎಂದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಸಮುದ್ರ ದಾಟಿ ಬಂದವಳು, ನನ್ನನ್ನು ಕೂರಿಸಿ ಅಭ್ಯಾಸ ಮಾಡಿಸುವವರಿಲ್ಲ, ಮರಕ್ಕೆ ಉಪಚಾರ! ಆದರೆ ಹೊಸ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕಬೇಡಿ ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ. ತೆಪ್ಪಗೆ ಚಾ ಕುಡಿದೆ.

ಆ ಸಂಜೆ ಅವರು ಬಾಸ್ ಬಿಟ್ಟು ನನ್ನ ಕೈ ನೋಡಿದರು. ಎಡಗೈಯ ಹೆಬ್ಬೆರಳನ್ನು ಬಗ್ಗಿಸಿ, ಮಣಿಕಟ್ಟನ್ನು ತಿರುಗಿಸಿ, ಬೆರಳುಗಳನ್ನು ಅಗಲಿಸಿ, ಬಹಳ ಹೊತ್ತು. ಆಚಾರ್ರು ನೋಡಿದ್ದೂ ಹಾಗೆಯೇ.

ಡಬ್ಬಿಯ ವಾಸನೆ

ಮರುದಿನ ಪೆಟ್ಟಿಗೆ ತೆರೆಯಿತು. ಹಲಸಿನ ಗುಂಡಿಯನ್ನು ನೋಡಿ ಕುರೋಕಿಯವರು ಮಗುವಿನಂತೆ ನಕ್ಕರು. ಬಾಸನ್ನು ತಿರುಗಿಸಿದರು, ನಗು ನಿಂತಿತು. ಆ ಕಪ್ಪು ಬೆನ್ನನ್ನೇ ನೋಡುತ್ತ ನಿಂತರು. ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಮೂಗು ಹತ್ತಿರ ತಂದು ಮೂಸಿದರು. ಆಮೇಲೆ ಒಳಗೆ ಹೋಗಿ ಒಂದು ಡಬ್ಬಿ ತಂದು, ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು.

ಕಾರ್ಕಳದ ಗೇರುಬೀಜದ ಫ್ಯಾಕ್ಟರಿಗಳ ಬದಿಯಲ್ಲಿ ಬಸ್ಸು ಹೋಗುವಾಗ ಮೂಗಿಗೆ ಅಡರುತ್ತದಲ್ಲ, ಅದರ ನೆನಪು ತರುವ ವಾಸನೆ! ಜಪಾನಿನಲ್ಲಿ ಒಂದು ಮರದ ಹಾಲಿನಿಂದ ಅರಗು ಬಳಿಯುವ ಹಳೆಯ ಪದ್ಧತಿ ಉಂಟು, ಅದು ದುಬಾರಿಯಾದ ಕಾರಣ ಗೇರು ಸಿಪ್ಪೆಯ ಎಣ್ಣೆಯಿಂದ ಮಾಡಿದ ವಾರ್ನಿಷನ್ನೂ ಬಳಸುತ್ತಾರೆ ಎಂದು ಮಿಯೋ ವಿವರಿಸಿದಳು. ಅವಳಪ್ಪ ಎಷ್ಟೋ ಬಾಸುಗಳಿಗೆ ಅದನ್ನೇ ಹಚ್ಚಿದ್ದರಂತೆ. ಬೊಕ್ಕೆ ಬಂತಾ ಎಂದು ಕೇಳಿದರು. ಬಂತು ಎಂದು ಅಂಗೈ ತೋರಿಸಿದೆ. ಅವರು ತಮ್ಮ ಮೊಣಕೈವರೆಗಿನ ಹಳೆಯ ಕಲೆ ತೋರಿಸಿದರು. ಮಾತು ಬಾರದ ನಾವಿಬ್ಬರೂ ಕೈ ಚಾಚಿಕೊಂಡು ನಕ್ಕದ್ದೇ ನಕ್ಕದ್ದು.

ಆಮೇಲೆ ಕೆಲಸದ ಮಾತು. ಕೆತ್ತಿದ ಅಳತೆ ನನ್ನ ಕೈಗೆ ಸರಿ ಇದೆ. ಎಣ್ಣೆ ಮರವನ್ನು ಕಾಪಾಡಿದೆ, ತಿರುಪು ತುಕ್ಕು ಹಿಡಿದರೂ ಮರಕ್ಕೆ ಏನೂ ಆಗಿಲ್ಲ. ಆದರೆ ಕೆತ್ತಿದ ಮೇಲೆ ಇಷ್ಟು ತೆಳುವಾದ ಕುತ್ತಿಗೆಗೆ ಒಳಗಿರುವ ಒಂದೇ ಕಬ್ಬಿಣದ ಸರಳು ಸಾಲದು, ಆದ್ದರಿಂದ ತಿರುಚಿದೆ. ಹೊಸ ಕುತ್ತಿಗೆ ಮಾಡಿಕೊಡಲು ತನ್ನ ಕಣ್ಣಿಗೂ ಕೈಗೂ ಈಗ ಆಗುವುದಿಲ್ಲ. ಇರುವ ದಾರಿ ಒಂದೇ. ಕುತ್ತಿಗೆಯನ್ನು ಕಬ್ಬಿಣದ ತೊಲೆಗೆ ಬಿಗಿದು, ಎದುರು ದಿಕ್ಕಿಗೆ ತಿರುಚಿ, ಶಾಖ ಕೊಟ್ಟು, ಹಾಗೇ ತಣಿಯಲು ಬಿಡುವುದು. ನೇರವಾದರೆ ಆಯಿತು. ಒಳಗಿನ ಅಂಟು ಬಿಟ್ಟು ಸೀಳಿದರೆ ಮತ್ತೆ ಅದು ಬಾಸ್ ಅಲ್ಲ. ಇಷ್ಟನ್ನು ಹೇಳಿ ಅವರು ಬಾಸನ್ನು ನನ್ನ ಮಡಿಲಿಗೆ ಇಟ್ಟು, ಯೋಚಿಸಿ ಹೇಳಿ ಎಂದು ಹೊರಗೆ ಹೋದರು.

ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಕಿರುಗುಟ್ಟಿದರೂ ಇದ್ದಷ್ಟು ದಿನ ಬಾರಿಸಬಹುದಲ್ಲ, ಸುಮ್ಮನೆ ಹಿಡಿದುಕೊಂಡು ಓಡಿಹೋಗೋಣ ಎಂದೂ ಅನ್ನಿಸಿತು. ಗಂಡನಿಗೆ ಫೋನ್ ಮಾಡಿದೆ. ಅವರು ಎಂದಿನಂತೆ, ನಿನ್ನ ಬಾಸ್, ನಿನ್ನ ಇಷ್ಟ ಎಂದರು. ಇಪ್ಪತ್ತು ವರ್ಷದಿಂದ ಇದೊಂದೇ ಉತ್ತರ! ಕೊನೆಗೆ ಹೆಬ್ಬೆರಳನ್ನು ಆಚಾರ್ರು ಕೀಸಿದ ಜಾಗದಲ್ಲಿ ಇಟ್ಟು ನೋಡಿದೆ. ಕೈ ಹೋಗಿ ಅಲ್ಲೇ ಕೂತಿತು. ಗೋಡೆಗೆ ನೇತುಹಾಕಲು ನಾನು ಇದನ್ನು ತಂದದ್ದಲ್ಲ. ಹೊರಗೆ ಹೋಗಿ, ಮಾಡಿ ಎಂದೆ.

ಟಕ್

ತಂತಿ ಬಿಚ್ಚಿದರು, ಕುತ್ತಿಗೆ ಬೇರೆ ಮಾಡಿದರು. ತೊಲೆಗೆ ಬಿಗಿಯುವ ಪ್ರತಿಯೊಂದು ಕಡೆಯಲ್ಲೂ ಮೆತ್ತನೆಯ ಚರ್ಮದ ತುಂಡು ಇಟ್ಟರು. ಶಾಖದ ಪಟ್ಟಿ ಸುತ್ತಿದರು. ಸ್ವಲ್ಪ ಬಿಸಿ, ಅಂಗೈ ಇಟ್ಟು ನೋಡುವುದು, ಮತ್ತೆ ಸ್ವಲ್ಪ ಬಿಸಿ. ನಾನು ಮೂಲೆಯಲ್ಲಿ ಕೂತು ಜಪಮಣಿ ಹಿಡಿದಿದ್ದೆ. ಬಿಸಿಯೇರಿದ ಗೇರೆಣ್ಣೆಯ ವಾಸನೆ ಕೋಣೆ ತುಂಬಿತು, ಊರಿಗೆ ಬಂದ ಹಾಗಾಯಿತು.

ಟಕ್ ಎಂದಿತು ಮರ.

ಮಿಯೋ ಬಾಯಿಗೆ ಕೈ ಅಡ್ಡ ಹಿಡಿದಳು. ಕುರೋಕಿಯವರು ಶಾಖ ಆರಿಸಿ, ಬಗ್ಗಿ, ಕಿವಿಯನ್ನೇ ಮರಕ್ಕೆ ಇಟ್ಟರು. ಆಮೇಲೆ ಒಂದು ತೆಳ್ಳನೆಯ ಚೂರಿ ತಂದು ಒಂದೊಂದೇ ಕಡೆ ತೂರಿಸಿ ನೋಡಿದರು. ತುದಿಯಲ್ಲಿ, ಕೊನೆಯ ಪಟ್ಟಿಯ ಹತ್ತಿರ, ಉಗುರು ತೂರುವಷ್ಟು ಬಿಟ್ಟಿತ್ತು, ಅಷ್ಟೇ. ಅಲ್ಲಿಗೆ ಅಂಟು ಹಾಕಿ ಬಿಗಿದು, ಪೂರ್ತಿ ತಣಿಯುವವರೆಗೆ ಯಾರೂ ಮುಟ್ಟಬಾರದು ಎಂದು ಬಾಗಿಲು ಎಳೆದುಕೊಂಡರು. ಅಂದು ಮಿಯೋ ಎಂತ ಬಡಿಸಿದಳೋ, ನಾನು ಎಂತ ತಿಂದೆನೋ ನೆನಪಿಲ್ಲ.

ಬೀದಿಯ ಆಚೆ

ಬೆಳಿಗ್ಗೆ ಅವರು ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ನೋಡಿ, ನನ್ನ ಕೈಗೆ ಕೊಟ್ಟರು. ನಾನೂ ನೋಡಿದೆ. ನೇರ! ಹೊಲಿಗೆಯವಳ ಕಣ್ಣಿಗೆ ಓರೆ ಇದ್ದರೆ ಕಾಣದೆ ಹೋಗುತ್ತದೆಯೇ, ಕೂದಲೆಳೆಯಷ್ಟೂ ಇರಲಿಲ್ಲ. ಕಪ್ಪು ಬೆನ್ನನ್ನು ಉಜ್ಜಿ ಹೊಸ ವಾರ್ನಿಷ್ ಹಚ್ಚಲೇ ಎಂದು ಕೇಳಿದರು. ಬೇಡ, ಹಾಗೇ ಇರಲಿ ಎಂದೆ. ಅವರಿಗೂ ಅದೇ ಬೇಕಿತ್ತೆಂದು ಕಾಣುತ್ತದೆ, ಕೂಡಲೇ ಡಬ್ಬಿ ಮುಚ್ಚಿದರು.

ತಂತಿ ಹಾಕಿ, ಶ್ರುತಿ ಮಾಡಿ, ಆಂಪ್ಲಿಫೈಯರಿಗೆ ಸಿಕ್ಕಿಸಿ, ಬಾರಿಸಿ ಎಂದು ಹೇಳಿ ಕುರೋಕಿಯವರು ಕೋಟು ಹಾಕಿಕೊಂಡು ಹೊರಟೇಹೋದರು. ಇದೆಂಥ ಮರ್ಯಾದೆ ಎಂದು ನನಗೆ ಬೇಸರವಾಯಿತು. ಅಪ್ಪ ಯಾವಾಗಲೂ ಹಾಗೆಯೇ ಎಂದಳು ಮಿಯೋ. ಹತ್ತಿರ ಕೂತರೆ ಬೆರಳಿನ ಸದ್ದು ಕೇಳುತ್ತದೆ, ದೂರ ಹೋದರೆ ಮಾತ್ರ ಮರದ ಸದ್ದು ಕೇಳುತ್ತದೆ, ಅದಕ್ಕೆ ಬೀದಿಯ ಆಚೆ ನಿಂತು ಕೇಳುತ್ತಾರೆ ಎಂದಳು.

ನಮ್ಮ ಇನ್ನಂಜೆಯ ಗದ್ದೆ ನೆನಪಾಯಿತು. ಪಾಪ, ಅಮ್ಮ ಇಷ್ಟು ವರ್ಷವೂ ಸರಿಯಾದ ಜಾಗದಲ್ಲೇ ಕೂತು ಕೇಳುತ್ತಿದ್ದಳು. ಆದಿತ್ಯವಾರದ ಪೂಜೆಯ ಹಾಡಿನ ಬಾಸನ್ನೇ ಬಾರಿಸಿದೆ, ಹಾಡು ಇಲ್ಲದೆ. ಕಿರುಗುಟ್ಟುವುದು ಹೋಗಿತ್ತು. ಒಂದೊಂದು ಸ್ವರವೂ ದುಂಡಗೆ, ತುಂಬಿಕೊಂಡು ಬಂತು. ಮಣಿಕಟ್ಟಿಗೆ ನೋವಿಲ್ಲ. ಕಿಟಕಿಯಿಂದ ನೋಡಿದರೆ ಬೀದಿಯ ಆಚೆ, ತರಕಾರಿ ತೋಟದ ಬೇಲಿಯ ಹತ್ತಿರ, ಆ ಸಣ್ಣ ಮನುಷ್ಯರು ಕಣ್ಣು ಮುಚ್ಚಿ ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯುವ ಗೋಜಿಗೂ ಹೋಗಲಿಲ್ಲ.

ಒಳಗೆ ಬಂದ ಕುರೋಕಿಯವರು ಬಾಸ್ ಇಸಿದುಕೊಂಡು ಮತ್ತೆ ಕುತ್ತಿಗೆ ಬಿಚ್ಚಿದರು. ಅಯ್ಯೋ, ಎಂತ ಆಯಿತು ಎಂದು ಗಾಬರಿಯಾದೆ. ಗುಳಿಯೊಳಗೆ ಅವರ ಮುದ್ರೆ ಇತ್ತಲ್ಲ, ಅದರ ಪಕ್ಕ ಬೆರಳಿಟ್ಟು, ಸಪೂರದ ಕುಂಚವನ್ನು ನನ್ನ ಕಡೆಗೆ ಚಾಚಿದರು.

"ಈಗ ಇದು ನಾನೊಬ್ಬನೇ ಮಾಡಿದ್ದಲ್ಲ," ಎಂದರು ಎಂದು ಮಿಯೋ ಹೇಳಿದಳು. "ಕೆತ್ತಿದವರ ಹೆಸರನ್ನು ನಿಮ್ಮ ಭಾಷೆಯಲ್ಲಿ ಬರೆಯಿರಿ."

ನನ್ನ ಅಂಗಡಿಯ ಹೆಸರಿನ ಪಟ್ಟಿಯನ್ನೂ ನಾನು ರವಿಕೆಯ ಒಳಬದಿಗೇ ಹೊಲಿಯುವುದು. ತೊಟ್ಟವರ ಬೆನ್ನಿಗೆ ಮಾತ್ರ ಗೊತ್ತು. ಕುಂಚ ತೆಗೆದುಕೊಂಡು ಆಚಾರ್ರ ಹೆಸರು ಬರೆದೆ.

ಕಾರ್ಕಳ

ಊರಿಗೆ ಬಂದ ಮರುದಿನವೇ ಕಾರ್ಕಳದ ಬಸ್ಸು ಹತ್ತಿದೆ. ಆಚಾರ್ರು ಒಂದು ದಾರಂದದ ಮೇಲೆ ಬಗ್ಗಿದ್ದರು, ತಲೆ ಎತ್ತಲಿಲ್ಲ. ಮಾತು ಕೊಟ್ಟಿದ್ದೆನಲ್ಲ, ಒಂದೂ ಬಿಡದೆ ಹೇಳಿದೆ. ಕುರೋಕಿಯವರು ಕೈಯ ಅಳತೆ ಸರಿ ಎಂದರು, ಎಣ್ಣೆ ಸರಿ ಎಂದರು, ಒಳಗಿನ ಸರಳಿಗೆ ತಾಳುವುದಕ್ಕಿಂತ ಹೆಚ್ಚು ಕೆತ್ತಿದ್ದು ತಪ್ಪು ಎಂದರು.

ಆಚಾರ್ರಿಗೆ ತಟ್ಟನೆ ಸಿಟ್ಟು ಬಂತು. ಒಳಗೆ ಸರಳು ಉಂಟೆಂದು ನೀವು ಹೇಳಲೇ ಇಲ್ಲವಲ್ಲ ಎಂದರು. ನನಗೂ ಗೊತ್ತಿರಲಿಲ್ಲ ಎಂದೆ. ಗೊತ್ತಿಲ್ಲದೆ ನನ್ನ ಕೈಯಲ್ಲಿ ಕೆತ್ತಿಸಿದಿರಾ ಎಂದರು. ಕೇಳದೆ ನೀವು ಕೆತ್ತಿದಿರಾ ಎಂದೆ. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಆಮೇಲೆ ಅವರು ಬಾಸ್ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು. ಬಹಳ ಹೊತ್ತು ನೋಡಿದರು. ಹೂಂ ಎಂದರು. ವಾಸು ಆಚಾರ್ರ ಬಾಯಲ್ಲಿ ಇನ್ನೊಬ್ಬರ ಕೆಲಸಕ್ಕೆ ಹೂಂ ಬರುವುದು ಸಣ್ಣ ವಿಷಯವಲ್ಲ.

ಆಗ ಹೆಸರಿನ ವಿಷಯ ಹೇಳಿದೆ. ಬಿಚ್ಚಿ ತೋರಿಸುತ್ತೇನೆ ಎಂದು ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಆಚಾರ್ರು ತಿರುಪುಗಳ ಮೇಲೆ ಅಂಗೈ ಅಡ್ಡ ಇಟ್ಟರು.

"ಬೇಡ ಬಾಯಮ್ಮ. ಸರಿ ಕೂತದ್ದನ್ನು ಬಿಚ್ಬಾರ್ದು." ಮತ್ತೆ ಕೇಳಿದರು, "ಊರಿನ ಹೆಸರೂ ಬರ್ದಿದ್ದೀರಾ?"

"ಬರೆದಿದ್ದೇನೆ ಆಚಾರ್ರೆ. ಕಾರ್ಕಳ ಅಂತ."

ಅವರು ಅಂಗೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕೆಲಸದ ಹಲಗೆಯ ಮೇಲಿದ್ದ ಉಳಿಗಳನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿದರು. ಆಂಪ್ಲಿಫೈಯರ್ ಇರಲಿಲ್ಲ. ಬಾಸಿನ ಮೈಯನ್ನು ಹಲಗೆಗೆ ತಾಗಿಸಿ ಮೆಲ್ಲಗೆ ಬಾರಿಸತೊಡಗಿದೆ. ಹಲಗೆಯ ಮೇಲಿನ ಮರದ ಹುಡಿ ಸಣ್ಣಗೆ ಕುಣಿಯಿತು. ಅಂಗಡಿಯ ಹೊರಗೆ ಯಾರೋ ಗಿರಾಕಿ ಬಂದು ಕರೆದರು. ಆಚಾರ್ರು ತಿರುಗಿ ನೋಡದೆ, ನಿಲ್ಲಿ ಎಂದು ಕೈ ತೋರಿಸಿದರು.